ಟಿಕೆಟ್ ಇದೆ, ಸೀಟಿಲ್ಲ

ಕನ್ಫರ್ಮ್ ಆದ ಟಿಕೆಟ್ ಕೈಯಲ್ಲಿದೆ. ಕೌಂಟರ್ ಮುಚ್ಚುವ ಹೊತ್ತಿಗೆ ಇನ್ನೂ ಅರ್ಧ ಗಂಟೆ ಇದೆ. ಆಚೆ ಕೂತವರು ಕಂಪ್ಯೂಟರ್ ಕಡೆ ಎರಡು ಮೂರು ಸಲ ನೋಡಿ, ಪಕ್ಕದವರನ್ನು ಕರೆದು ಏನೋ ಕೇಳಿ, ಕೊನೆಗೆ ಹೇಳುತ್ತಾರೆ: "ಫ್ಲೈಟ್ ಫುಲ್ ಆಗಿದೆ ಸರ್. ಸಂಜೆಯದಕ್ಕೆ ಹಾಕಿಕೊಡ್ತೀವಿ, ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ." ಹೆಚ್ಚಿನವರು ಪಕ್ಕಕ್ಕೆ ನಿಲ್ಲುತ್ತಾರೆ. ಅಲ್ಲಿ ನಿಂತು ಕಾಯುವ ಅರ್ಧ ಗಂಟೆಯಲ್ಲಿ ಕೌಂಟರ್ ಮುಚ್ಚುತ್ತದೆ. ಮುಚ್ಚಿದ ಮೇಲೆ ಆ ಪ್ರಯಾಣಿಕ ಸಮಯಕ್ಕೆ ಬಂದಿದ್ದ ಎನ್ನುವುದಕ್ಕೆ ಅವನ ಬಾಯಿಮಾತು ಬಿಟ್ಟರೆ ಬೇರೆ ಸಾಕ್ಷಿ ಇರುವುದಿಲ್ಲ.

ಈ ವಿಷಯದಲ್ಲಿ ದುಡ್ಡು ನಿಂತಿರುವುದೇ ಅಲ್ಲಿ. ವಿಮಾನ ಕಂಪನಿಯ ದಾಖಲೆಯಲ್ಲಿ ನಿಮ್ಮ ಹೆಸರಿನ ಮುಂದೆ "ಡಿನೈಡ್ ಬೋರ್ಡಿಂಗ್" (ಹತ್ತಲು ಬಿಡಲಿಲ್ಲ) ಎಂದು ಬಿದ್ದರೆ ಸಾವಿರಾರು ರೂಪಾಯಿ ಪರಿಹಾರ ಬರಬೇಕು. "ನೋ-ಶೋ" (ಬರಲೇ ಇಲ್ಲ) ಎಂದು ಬಿದ್ದರೆ ಟಿಕೆಟ್ಟಿನ ದುಡ್ಡೂ ಹೋಗುತ್ತದೆ. "ಪ್ರಯಾಣಿಕರ ಕೋರಿಕೆ ಮೇರೆಗೆ ಬದಲಾವಣೆ" ಎಂದು ಬಿದ್ದರೆ ಸಂಜೆಯ ಸೀಟು ಸಿಗುತ್ತದೆ, ಅಷ್ಟೇ. ಸೀಟು ಹೋದದ್ದು ಮೂರೂ ಕಡೆ ಒಂದೇ ಕಾರಣಕ್ಕೆ ಇರಬಹುದು. ಬರೆದ ಪದ ಮಾತ್ರ ಬೇರೆ.

ನಮ್ಮ ದೇಶದ ನಿಯಮ ಇರುವುದು ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಹೊರಡಿಸಿದ ನಿಯಮಾವಳಿಯಲ್ಲಿ. ಸೆಕ್ಷನ್ 3, ಸೀರೀಸ್ ಎಂ, ಪಾರ್ಟ್ 4. ಮೊದಲು ಬಂದದ್ದು 2010ರಲ್ಲಿ. ಪರಿಹಾರದ ಮೊತ್ತ ಏರಿದ್ದು 2016ರ ಆಗಸ್ಟ್ 1ರಿಂದ. ಅದು ಹೇಳುವುದು ಹೀಗೆ: ಕನ್ಫರ್ಮ್ ಬುಕಿಂಗ್ ಇದ್ದು, ನಿಗದಿತ ಸಮಯದೊಳಗೆ ಹಾಜರಾದವರ ಸಂಖ್ಯೆ ಸೀಟಿಗಿಂತ ಹೆಚ್ಚಾದರೆ, ಕಂಪನಿ ಮೊದಲು ಸೀಟು ಬಿಟ್ಟುಕೊಡಲು ಒಪ್ಪುವವರನ್ನು ಕೇಳಬೇಕು. ಯಾರೂ ಒಪ್ಪದೆ, ಒಬ್ಬರನ್ನು ಅವರ ಇಚ್ಛೆಗೆ ವಿರುದ್ಧವಾಗಿ ಬಿಟ್ಟುಹೋದರೆ ಪರಿಹಾರ ಕೊಡಬೇಕು. ಮೂಲ ಹೊರಡುವ ಸಮಯದಿಂದ ಒಂದು ಗಂಟೆಯೊಳಗೆ ಹೊರಡುವ ಬೇರೆ ವಿಮಾನ ಕೊಟ್ಟರೆ ಪರಿಹಾರ ಇಲ್ಲ. 24 ಗಂಟೆಯೊಳಗಿನದು ಕೊಟ್ಟರೆ ಒಂದು ಕಡೆಯ ಬೇಸ್ ಫೇರ್ (ತೆರಿಗೆ, ಶುಲ್ಕಗಳು ಸೇರದ ಮೂಲ ದರ) ಮತ್ತು ಇಂಧನ ಶುಲ್ಕ ಸೇರಿಸಿದ ಮೊತ್ತದ 200 ಪ್ರತಿಶತ, ಗರಿಷ್ಠ 10,000 ರೂಪಾಯಿ. 24 ಗಂಟೆ ದಾಟಿದರೆ 400 ಪ್ರತಿಶತ, ಗರಿಷ್ಠ 20,000. ಬೇರೆ ವಿಮಾನವೇ ಬೇಡ ಎಂದರೆ ಟಿಕೆಟ್ಟಿನ ಪೂರ್ತಿ ಹಣ ವಾಪಸ್, ಅದರ ಮೇಲೆ 400 ಪ್ರತಿಶತ, ಅಲ್ಲೂ ಮಿತಿ 20,000.

ಇದನ್ನು ಒಂದು ಟಿಕೆಟ್ ಇಟ್ಟುಕೊಂಡು ಲೆಕ್ಕ ಹಾಕಿ ನೋಡಬೇಕು. ಒಟ್ಟು ಕೊಟ್ಟದ್ದು 5,000 ರೂಪಾಯಿ ಎಂದುಕೊಳ್ಳಿ. ಇನ್‌ವಾಯ್ಸ್ ಬಿಡಿಸಿದರೆ ಬೇಸ್ ಫೇರ್ 3,200, ಇಂಧನ ಶುಲ್ಕ 600. ಉಳಿದ 1,200ರಲ್ಲಿ ನಿಲ್ದಾಣದ ಬಳಕೆದಾರ ಶುಲ್ಕ, ಭದ್ರತಾ ಶುಲ್ಕ, ಎಕಾನಮಿ ದರ್ಜೆಯ 5 ಪ್ರತಿಶತ ಜಿಎಸ್‌ಟಿ, ಬುಕಿಂಗ್ ಆ್ಯಪ್ ಹಾಕಿದ ಕನ್ವೀನಿಯನ್ಸ್ ಫೀ ಇತ್ಯಾದಿ. ಪರಿಹಾರ ಲೆಕ್ಕವಾಗುವುದು 3,800ರ ಮೇಲೆ ಮಾತ್ರ. ಸಂಜೆಯ ವಿಮಾನಕ್ಕೆ ಒಪ್ಪಿದರೆ 7,600 ರೂಪಾಯಿ, ಜೊತೆಗೆ ಪ್ರಯಾಣ. ಬೇಡ ಎಂದರೆ ಟಿಕೆಟ್ಟಿನ 5,000 ವಾಪಸ್, 15,200 ಪರಿಹಾರ, ಒಟ್ಟು 20,200. ಈ ಎರಡನೇ ದಾರಿಯನ್ನು ಕೌಂಟರಿನಲ್ಲಿ ತಾವಾಗಿ ಹೇಳುವವರು ಅಪರೂಪ. ಬೆಂಗಳೂರಿನಿಂದ ಹುಬ್ಬಳ್ಳಿಗೋ ಬೆಳಗಾವಿಗೋ ಹೋಗಬೇಕಾದವರು ರಾತ್ರಿಯ ರೈಲಿನಲ್ಲೋ ಸ್ಲೀಪರ್ ಬಸ್ಸಿನಲ್ಲೋ ಮಲಗಿ ಬೆಳಿಗ್ಗೆ ಊರು ಸೇರಬಹುದು. ಅವರಿಗೆ ಎರಡನೇ ದಾರಿಯೇ ಲೇಸು. ಗುವಾಹಟಿಗೆ ಹೋಗಬೇಕಾದವರು ಹಾಗೆ ಮಾಡಿದರೆ, ಅದೇ ದಿನ ಬೇರೆ ಟಿಕೆಟ್ ಕೊಳ್ಳುವಾಗ ಬಂದ ದುಡ್ಡೆಲ್ಲ ಅಲ್ಲೇ ಕರಗಬಹುದು. ಹಾಗಾಗಿ ಉತ್ತರ ಕೊಡುವ ಮೊದಲು ಫೋನಿನಲ್ಲಿ ಆ ಹೊತ್ತಿನ ದರ ನೋಡಿಕೊಳ್ಳಬೇಕು.

ಇಂಧನ ಶುಲ್ಕವನ್ನು ಟಿಕೆಟ್ಟಿನ ಮೇಲೆ ಹುಡುಕುವುದೂ ಒಂದು ಕೆಲಸವೇ. ಹಳೆಯ ಮಾದರಿಯ ಇ-ಟಿಕೆಟ್‌ನಲ್ಲಿ ಅದು ತೆರಿಗೆಗಳ ಸಾಲಿನಲ್ಲಿ ವೈಕ್ಯೂ ಅಥವಾ ವೈಆರ್ ಎಂಬ ಎರಡಕ್ಷರದ ಗುರುತಿನಲ್ಲಿರುತ್ತದೆ. ಹೆಸರು ನೋಡಿ ತೆರಿಗೆ ಎಂದುಕೊಂಡು ಬಿಟ್ಟುಬಿಡುವವರಿದ್ದಾರೆ. ಅದು ತೆರಿಗೆಯಲ್ಲ, ಕಂಪನಿಗೇ ಹೋಗುವ ಹಣ. ಪರಿಹಾರದ ಲೆಕ್ಕಕ್ಕೆ ಸೇರುತ್ತದೆ.

ಇನ್ನು, ಇರುವ ಸೀಟಿಗಿಂತ ಹೆಚ್ಚು ಟಿಕೆಟ್ ಮಾರುವುದಾದರೂ ಯಾಕೆ? ಬುಕ್ ಮಾಡಿದವರೆಲ್ಲ ಬರುವುದಿಲ್ಲ. 180 ಸೀಟಿನ ವಿಮಾನ, ಪ್ರತಿ ನೂರಕ್ಕೆ ಐವರು ಬರುವುದಿಲ್ಲ ಎಂಬ ಅಂದಾಜು ಇದೆ ಎಂದುಕೊಳ್ಳೋಣ. ಸರಿಯಾಗಿ 180 ಮಾರಿದರೆ ಸರಾಸರಿ ಒಂಬತ್ತು ಸೀಟು ಖಾಲಿ ಹಾರುತ್ತವೆ. 183 ಮಾರಿದರೆ ಸೀಟು ಸಾಲದೆ ಬರುವುದು ಇನ್ನೂರು ಹಾರಾಟಕ್ಕೆ ಒಮ್ಮೆ. ಇನ್ನೂ ಮೂರೇ ಹೆಚ್ಚಿಸಿ 186 ಮಾರಿದರೆ ಹನ್ನೊಂದು ಹಾರಾಟಕ್ಕೆ ಒಮ್ಮೆ. ಮೂರು ಟಿಕೆಟ್ಟಿಗೆ ಅಪಾಯ ಇಷ್ಟೊಂದು ಏರುತ್ತದೆ ಎನ್ನುವುದೇ ಈ ಗಣಿತದ ತಿರುಳು. ಮೇಲಾಗಿ ಈ ಲೆಕ್ಕ ಒಬ್ಬರು ಬರುವುದಕ್ಕೂ ಇನ್ನೊಬ್ಬರು ಬರುವುದಕ್ಕೂ ಸಂಬಂಧವಿಲ್ಲ ಎಂದು ನಂಬಿಕೊಂಡದ್ದು. ಮದುವೆ ದಿಬ್ಬಣ ಹಾಗಲ್ಲ. ಬಂದರೆ ಇಪ್ಪತ್ತು ಮಂದಿಯೂ ಬರುತ್ತಾರೆ. ದೀಪಾವಳಿಯ ಹಿಂದಿನ ದಿನ, ಸಾಲು ರಜೆಯ ಶುಕ್ರವಾರ, ಊರಿಗೆ ಹೊರಟವರಲ್ಲಿ ಬರದೇ ಉಳಿಯುವವರು ಕಡಿಮೆ. ಆ ದಿನಗಳಲ್ಲಿ ವರ್ಷದ ಸರಾಸರಿಯನ್ನು ನಂಬಿ ಮಾರಿದರೆ ಕೌಂಟರಿನ ಮುಂದೆ ಜನ ಉಳಿಯುತ್ತಾರೆ.

ಆದರೆ ಸೀಟು ಸಾಲದಿರುವುದಕ್ಕೆ ಹೆಚ್ಚು ಮಾರಿದ್ದೊಂದೇ ಕಾರಣವಲ್ಲ. 232 ಸೀಟಿನ ಏರ್‌ಬಸ್ ಎ321 ಕೆಟ್ಟು ನಿಂತು, ಬದಲಿಗೆ 186 ಸೀಟಿನ ಎ320 ಬಂದರೆ ಒಂದೇ ಏಟಿಗೆ 46 ಮಂದಿಗೆ ಜಾಗವಿಲ್ಲ. ಅಲ್ಲಿ ಒಂದು ಟಿಕೆಟ್ಟೂ ಹೆಚ್ಚು ಮಾರಿರುವುದಿಲ್ಲ. ತೂಕದ ಸಮಸ್ಯೆ ಇನ್ನೊಂದು. ಬಿಸಿ ಗಾಳಿ ತೆಳು, ರೆಕ್ಕೆಗೆ ಸಿಗುವ ಆಸರೆ ಕಡಿಮೆ, ಎಂಜಿನ್ನಿನ ಬಲವೂ ಕಡಿಮೆ. ಸುಮಾರು 3,250 ಮೀಟರ್ ಎತ್ತರದ ಲೇಹ್‌ನಿಂದ ಬಿಸಿಲೇರಿದ ಮೇಲೆ ಹೊರಡುವ ವಿಮಾನ ಪೂರ್ತಿ ತುಂಬಿಕೊಂಡು ಏಳಲಾರದು. ಹಾಗಾಗಿಯೇ ಅಲ್ಲಿ ಹಾರಾಟಗಳು ಬೆಳಗಿನ ಹೊತ್ತಿಗೆ ಒತ್ತಿಕೊಂಡಿರುವುದು. ರನ್‌ವೇ ಚಿಕ್ಕದಿರುವ ಊರುಗಳಲ್ಲೂ ಇದೇ ತೊಡಕು. ಎಟಿಆರ್‌ನಂಥ ಸಣ್ಣ ವಿಮಾನದಲ್ಲಿ ನಾಲ್ಕೈದು ಜನರ ತೂಕವೂ ಲೆಕ್ಕಕ್ಕೆ ಬರುತ್ತದೆ. ಇನ್ನು ಕೆಲವೊಮ್ಮೆ ಮುಂದಿನ ಊರಿನಲ್ಲಿ ಕಾಯುತ್ತಿರುವ ವಿಮಾನ ಹಾರಿಸಲು ಪೈಲಟ್, ಸಿಬ್ಬಂದಿಯನ್ನು ಇದರಲ್ಲೇ ಕೂರಿಸಿ ಕಳಿಸಬೇಕಾಗುತ್ತದೆ, ಅವರಿಗಾಗಿ ಪ್ರಯಾಣಿಕರ ಸೀಟು ತೆಗೆಯುತ್ತಾರೆ. ಕಾರಣ ಯಾವುದೇ ಇರಲಿ, ಕೌಂಟರಿನಲ್ಲಿ ಅದನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. "ತಾಂತ್ರಿಕ ಕಾರಣ" ಎಂಬ ಎರಡು ಪದಕ್ಕೆ ಒಪ್ಪಿ ಬಂದರೆ ಮುಂದೆ ವಾದಿಸಲು ಹಿಡಿಯೇ ಇರುವುದಿಲ್ಲ.

ಈ ನಿಯಮಗಳು ಹುಟ್ಟಿದ ಬಗೆಯನ್ನು ತಿಳಿದರೆ ಕೌಂಟರಿನಲ್ಲಿ ಏನು ಕೇಳಬೇಕೆಂಬುದು ತಾನೇ ಹೊಳೆಯುತ್ತದೆ. 1972ರ ಏಪ್ರಿಲ್ 28ರಂದು ಅಮೆರಿಕದ ಗ್ರಾಹಕ ಹಕ್ಕುಗಳ ಹೋರಾಟಗಾರ ರಾಲ್ಫ್ ನೇಡರ್ ವಾಷಿಂಗ್ಟನ್ನಿನಿಂದ ಹಾರ್ಟ್‌ಫರ್ಡ್‌ಗೆ ಅಲಿಘೆನಿ ಏರ್‌ಲೈನ್ಸಿನ ವಿಮಾನ ಹತ್ತಬೇಕಿತ್ತು. ಆ ಊರಿರುವ ಕನೆಕ್ಟಿಕಟ್ ರಾಜ್ಯದಲ್ಲಿ ಅವರ ಭಾಷಣವಿತ್ತು. ಬುಕಿಂಗ್ ಕನ್ಫರ್ಮ್ ಆಗಿತ್ತು. ಆದರೆ ಇರುವ ಸೀಟಿಗಿಂತ ಹೆಚ್ಚು ಬುಕಿಂಗ್ ಮಾಡಿದ್ದರು, ಸೀಟು ಇರಲಿಲ್ಲ. ನೇಡರ್ ಕೌಂಟರಿನಲ್ಲಿ ಎರಡೇ ವಿಷಯ ಕೇಳಿದರು. ಸ್ಟ್ಯಾಂಡ್‌ಬೈ ಟಿಕೆಟ್ಟಿನವರು, ಅಂದರೆ ಸೀಟು ಉಳಿದರೆ ಮಾತ್ರ ಹತ್ತಬೇಕಾದವರು, ಯಾರಾದರೂ ತಪ್ಪಿ ಒಳಗೆ ಹೋಗಿದ್ದಾರೆಯೇ ನೋಡಿ. ಇಲ್ಲವಾದರೆ, ಒಳಗೆ ಕೂತವರಲ್ಲಿ ಯಾರಾದರೂ ತಾವಾಗಿ ಸೀಟು ಬಿಟ್ಟುಕೊಡುತ್ತಾರೆಯೇ ಕೇಳಿ. ಎರಡಕ್ಕೂ ಇಲ್ಲ ಎಂಬ ಉತ್ತರ ಬಂತು. ಕಂಪನಿ ಕೊಡಬಂದ ಪರಿಹಾರ 32 ಡಾಲರ್ 41 ಸೆಂಟ್. ಅವರು ಮುಟ್ಟಲಿಲ್ಲ. ಬಾಸ್ಟನ್ನಿಗೆ ಹಾರಿ ಅಲ್ಲಿಂದ ಕಾರಿನಲ್ಲಿ ಹೋದರು, ಆಮೇಲೆ ಕೋರ್ಟಿಗೆ ಹೋದರು. 1976ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಹೆಚ್ಚು ಮಾರುವ ಪದ್ಧತಿಯನ್ನು ಪ್ರಯಾಣಿಕರಿಂದ ಮುಚ್ಚಿಟ್ಟದ್ದಕ್ಕಾಗಿ ಮೊಕದ್ದಮೆ ಹೂಡುವ ಹಕ್ಕು ಅವರಿಗಿದೆ ಎಂದಿತು.

ಅವರು ಕೇಳಿದ ಎರಡನೆಯ ವಿಷಯವನ್ನು ಅದಕ್ಕೂ ನಾಲ್ಕು ವರ್ಷ ಮೊದಲೇ, 1968ರಲ್ಲಿ, ಅರ್ಥಶಾಸ್ತ್ರಜ್ಞ ಜೂಲಿಯನ್ ಸೈಮನ್ ಬರೆದಿಟ್ಟಿದ್ದರು. ಸೀಟು ಸಾಲದಾದಾಗ ಪ್ರತಿ ಪ್ರಯಾಣಿಕನಿಗೂ ಒಂದು ಲಕೋಟೆ ಮತ್ತು ಚೀಟಿ ಕೊಡಿ. ಎಷ್ಟು ಕೊಟ್ಟರೆ ಮುಂದಿನ ವಿಮಾನಕ್ಕೆ ಕಾಯುತ್ತೀರಿ ಎಂದು ಅವರೇ ಬರೆಯಲಿ. ಕಡಿಮೆ ಕೇಳಿದವರಿಗೆ ಆ ದುಡ್ಡು ಕೊಟ್ಟು ಇಳಿಸಿ. ತುರ್ತಿಲ್ಲದವರಿಗೆ ದುಡ್ಡು ಸಿಗುತ್ತದೆ, ತುರ್ತಿರುವವರಿಗೆ ಸೀಟು ಉಳಿಯುತ್ತದೆ, ಯಾರನ್ನೂ ಎಳೆದು ಹಾಕಬೇಕಿಲ್ಲ. ವಿಮಾನ ಕಂಪನಿಗಳು ಇದು ನಡೆಯುವ ಮಾತಲ್ಲ ಎಂದವು. 1978ರಲ್ಲಿ, ಆಲ್ಫ್ರೆಡ್ ಕಾನ್ ಎಂಬ ಅರ್ಥಶಾಸ್ತ್ರಜ್ಞ ಅಲ್ಲಿನ ವಿಮಾನಯಾನ ಮಂಡಳಿಯ ಅಧ್ಯಕ್ಷರಾಗಿದ್ದಾಗ, ಮೊದಲು ಒಪ್ಪುವವರನ್ನು ಕೇಳಬೇಕು ಎಂಬುದು ನಿಯಮವಾಯಿತು. ನಮ್ಮ ಡಿಜಿಸಿಎ ನಿಯಮದ ಮೊದಲ ಸಾಲಿನ ಬೇರು ಇರುವುದು ಅಲ್ಲಿ.

ಬೇರು ಬಂತು, ಕಾಂಡ ಬರಲಿಲ್ಲ. ಅಮೆರಿಕದಲ್ಲಿ ಗೇಟಿನ ಮುಂದೆ ಇನ್ನೂರು ಡಾಲರ್, ನಾನೂರು, ಆರುನೂರು ಎಂದು ಮೈಕಿನಲ್ಲಿ ಏರಿಸುತ್ತಾ ಹೋಗುತ್ತಾರೆ. ನಮ್ಮಲ್ಲಿ ಒಪ್ಪುವವರಿಗೆ ಏನು ಕೊಡಬೇಕೆಂಬುದನ್ನು ನಿಯಮ ಕಂಪನಿಯ ವಿವೇಚನೆಗೆ ಬಿಟ್ಟಿದೆ. ಕೆಳಮಿತಿ ಇಲ್ಲ, ಎಲ್ಲರಿಗೂ ಕೇಳುವಂತೆ ಘೋಷಿಸಬೇಕೆಂಬ ಕಟ್ಟೂ ಇಲ್ಲ. ಹಾಗಾಗಿ ಕೊನೆಗೆ ಬಂದವರನ್ನೋ, ವೆಬ್ ಚೆಕ್-ಇನ್ ಮಾಡದವರನ್ನೋ, ಅಗ್ಗದ ಟಿಕೆಟ್ಟಿನವರನ್ನೋ ಸದ್ದಿಲ್ಲದೆ ಪಕ್ಕಕ್ಕೆ ನಿಲ್ಲಿಸುವುದು ಸುಲಭ. ಆಸ್ಪತ್ರೆಗೆ ಹೋಗುವವರು, ಸಂದರ್ಶನಕ್ಕೆ ಹೋಗುವವರು, ಮಣ್ಣಿಗೆ ಹೋಗುವವರು ಆ ಸಾಲಿನಲ್ಲಿದ್ದಾರೆಯೇ ಎಂದು ಯಾರೂ ಕೇಳುವುದಿಲ್ಲ. ಇದು ಸರಿಯಲ್ಲ. ಒಳಗೆ ಕೂತ 180 ಮಂದಿಯಲ್ಲಿ ಎಂಟು ಸಾವಿರಕ್ಕೆ ಸಂತೋಷದಿಂದ ನಾಳೆ ಹೊರಡುವವರು ಒಬ್ಬಿಬ್ಬರು ಖಂಡಿತ ಇರುತ್ತಾರೆ. ಅವರನ್ನು ಹುಡುಕುವ ಕೆಲಸ ಕಂಪನಿಯದು. ಹೆಚ್ಚು ಮಾರಿ ಲಾಭ ಪಡೆದವರು ಅವರೇ ತಾನೆ?

ಕೇಳುವುದನ್ನು ಅರ್ಧಕ್ಕೆ ನಿಲ್ಲಿಸಿದರೆ ಏನಾಗುತ್ತದೆ ಎಂಬುದನ್ನು 2017ರ ಏಪ್ರಿಲ್ 9ರಂದು ಇಡೀ ಜಗತ್ತು ವಿಡಿಯೊದಲ್ಲಿ ನೋಡಿತು. ಶಿಕಾಗೊದಿಂದ ಲೂಯಿವಿಲ್‌ಗೆ ಹೊರಟ ಯುನೈಟೆಡ್ ಏರ್‌ಲೈನ್ಸಿನ 3411ನೇ ನಂಬರಿನ ವಿಮಾನ. ಜನ ಆಗಲೇ ಹತ್ತಿ ಕೂತಿದ್ದರು. ನಾಲ್ವರು ಸಿಬ್ಬಂದಿಗೆ ಸೀಟು ಬೇಕಿತ್ತು. 800 ಡಾಲರಿನವರೆಗೆ ಹೇಳಿ ನಿಲ್ಲಿಸಿದರು, ಯಾರೂ ಏಳಲಿಲ್ಲ. ನಾಲ್ವರನ್ನು ತಾವೇ ಆರಿಸಿದರು. ಅದರಲ್ಲಿ ಒಬ್ಬರು, 69 ವರ್ಷದ ವೈದ್ಯರು, ಏಳುವುದಿಲ್ಲ ಎಂದಾಗ ಭದ್ರತಾ ಸಿಬ್ಬಂದಿ ಎಳೆದುಕೊಂಡು ಹೋದರು. ಅವರ ಹಲ್ಲು ಮುರಿಯಿತು, ಮೂಗು ಮುರಿಯಿತು. ಆ ತಿಂಗಳೇ ಕಂಪನಿ ತನ್ನ ಮಿತಿಯನ್ನು 10,000 ಡಾಲರಿಗೆ ಏರಿಸಿತು. ಸೀಟು ಸಾಲದೆಂಬ ಕಾರಣಕ್ಕೆ ಒಮ್ಮೆ ಹತ್ತಿಸಿಕೊಂಡವರನ್ನು ಇಳಿಸುವಂತಿಲ್ಲ ಎಂದು 2021ರಲ್ಲಿ ಅಲ್ಲಿ ನಿಯಮವೇ ಬಂತು.

ಈಗ ನಮ್ಮ ಕೌಂಟರಿಗೆ ವಾಪಸ್ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು.

ಕೆಲಸ ಮನೆಯಿಂದಲೇ ಶುರು. ವೆಬ್ ಚೆಕ್-ಇನ್ ತೆರೆದ ಕೂಡಲೇ ಮಾಡಿ ಸೀಟು ನಂಬರ್ ಇರುವ ಬೋರ್ಡಿಂಗ್ ಪಾಸ್ ಇಳಿಸಿಕೊಳ್ಳಿ. ಸೀಟು ನಂಬರ್ ಜಾಗದಲ್ಲಿ "ಗೇಟಿನಲ್ಲಿ ಕೊಡಲಾಗುವುದು" ಎಂಬ ಅರ್ಥದ ಸಾಲು ಬಂದರೆ ಅದು ಎಚ್ಚರಿಕೆ, ಆ ದಿನ ಇನ್ನೂ ಬೇಗ ಹೊರಡಿ. ದೇಶದೊಳಗಿನ ವಿಮಾನಕ್ಕೆ ಸಾಮಾನ್ಯವಾಗಿ ಕೌಂಟರ್ ಮುಚ್ಚುವುದು 60 ನಿಮಿಷ ಮೊದಲು, ಗೇಟ್ ಮುಚ್ಚುವುದು 25 ನಿಮಿಷ ಮೊದಲು. ನಿಮ್ಮ ಟಿಕೆಟ್ಟಿನಲ್ಲಿ ಏನು ಬರೆದಿದೆಯೋ ಅದೇ ಲೆಕ್ಕ. ಈ ಗೆರೆಯ ಆಚೆಗೆ ಒಂದು ನಿಮಿಷ ಹೋದರೂ ಪರಿಹಾರದ ಮಾತು ಅಲ್ಲಿಗೇ ಮುಗಿಯುತ್ತದೆ.

ಸಮಯಕ್ಕೆ ಬಂದದ್ದಕ್ಕೆ ಸಾಕ್ಷಿ ನಿಮ್ಮ ಜೇಬಿನಲ್ಲೇ ಇರುತ್ತದೆ. ಬೆಂಗಳೂರು ವಿಮಾನ ನಿಲ್ದಾಣದ ವಾಯುವಜ್ರ ಬಸ್ಸಿನ ಟಿಕೆಟ್ಟಿನ ಮೇಲೆ ಸಮಯ ಅಚ್ಚಾಗಿರುತ್ತದೆ. ಕ್ಯಾಬಿನ ರಸೀದಿಯಲ್ಲಿ ಇಳಿದ ಸಮಯವಿರುತ್ತದೆ. ಟೋಲ್ ದಾಟಿದಾಗ ಫಾಸ್ಟ್‌ಟ್ಯಾಗಿನ ಎಸ್ಸೆಮ್ಮೆಸ್ ಬಂದಿರುತ್ತದೆ. ಯಾವುದನ್ನೂ ಅಳಿಸಬೇಡಿ, ಬಿಸಾಡಬೇಡಿ. ಸೀಟಿಲ್ಲ ಎಂದ ಕ್ಷಣ ಮಾಡಬೇಕಾದ ಮೊದಲ ಕೆಲಸ, ಕೌಂಟರಿನ ಮೇಲಿನ ಬೋರ್ಡು ಕಾಣುವಂತೆ ಒಂದು ಫೋಟೊ. ಅದರಲ್ಲಿ ವಿಮಾನದ ನಂಬರ್, ಕೌಂಟರ್ ಇನ್ನೂ ತೆರೆದಿರುವುದು ಎರಡೂ ಬರಲಿ, ಸಮಯ ಫೋನಿನಲ್ಲಿ ದಾಖಲಾಗುತ್ತದೆ. ಸಿಬ್ಬಂದಿಯ ಮುಖಕ್ಕೆ ಕ್ಯಾಮೆರಾ ಹಿಡಿಯುವುದು ಬೇಡ. ಅವರು ಟಿಕೆಟ್ ಮಾರಿದವರಲ್ಲ, ಮೇಲಿನವರ ಲೆಕ್ಕಾಚಾರಕ್ಕೆ ಬೈಸಿಕೊಳ್ಳಲು ಅಲ್ಲಿ ನಿಂತವರು. ಜಗಳವಾದರೆ ಕಡತದಲ್ಲಿ "ಅಶಿಸ್ತಿನ ಪ್ರಯಾಣಿಕ" ಎಂಬ ಇನ್ನೊಂದು ಪದ ಸೇರುವ ಅಪಾಯವೂ ಇದೆ.

ಎರಡನೆಯದು, ಪಕ್ಕಕ್ಕೆ ನಿಲ್ಲುವ ಮೊದಲು ಡ್ಯೂಟಿ ಮ್ಯಾನೇಜರನ್ನು ಕರೆಸಿ. ಅವರ ಹೆಸರು ಬರೆದುಕೊಳ್ಳಿ. ಸಮಾಧಾನದಿಂದ ಈ ನಾಲ್ಕು ಪ್ರಶ್ನೆ ಕೇಳಿ: ಸೀಟು ಬಿಟ್ಟುಕೊಡಲು ಒಪ್ಪುವವರನ್ನು ಕೇಳಿದ್ದೀರಾ? ನನ್ನ ಪಿಎನ್‌ಆರ್ ಮೇಲೆ ಈಗ ಏನೆಂದು ನಮೂದಾಗಿದೆ? ಸೀಟು ಸಾಲದ್ದಕ್ಕೆ ಕಾರಣ ಏನು? ಇದನ್ನೆಲ್ಲ ಬರೆದು ಕೊಡುತ್ತೀರಾ? ಬರೆದು ಕೊಡಲು ಹಿಂಜರಿದರೆ, ಅಲ್ಲಿಯೇ ನಿಂತು ಕಂಪನಿಯ ಗ್ರಾಹಕ ಸೇವೆಯ ವಿಳಾಸಕ್ಕೆ ಇಮೇಲ್ ಕಳಿಸಿ. ಉದ್ದ ಬೇಡ. ಹೀಗಿದ್ದರೆ ಸಾಕು: "ಇಂದು ಬೆಳಿಗ್ಗೆ 7.40ಕ್ಕೆ ಹೊರಡುವ ವಿಮಾನಕ್ಕೆ ನನ್ನ ಬಳಿ ಕನ್ಫರ್ಮ್ ಟಿಕೆಟ್ ಇದೆ. 6.15ಕ್ಕೆ ಕೌಂಟರಿನಲ್ಲಿ ಹಾಜರಾಗಿದ್ದೇನೆ. ವಿಮಾನ ಭರ್ತಿಯಾಗಿದೆ ಎಂದು ನನಗೆ ಬೋರ್ಡಿಂಗ್ ನಿರಾಕರಿಸಲಾಗಿದೆ. ನಾನು ಸ್ವಇಚ್ಛೆಯಿಂದ ಸೀಟು ಬಿಟ್ಟುಕೊಟ್ಟಿಲ್ಲ. ನನ್ನನ್ನು ನೋ-ಶೋ ಎಂದು ನಮೂದಿಸಬಾರದು." ಪಿಎನ್‌ಆರ್, ವಿಮಾನದ ನಂಬರ್, ಆ ಫೋಟೊ ಜೊತೆಗಿರಲಿ. ವಿಮಾನ ಹೊರಡುವ ಮೊದಲೇ ಹೋದ ಇಮೇಲಿಗೆ ಇರುವ ಬೆಲೆ ಮರುದಿನ ಬರೆದ ಎರಡು ಪುಟದ ಪತ್ರಕ್ಕಿಲ್ಲ.

ಮೂರನೆಯದು, ಸಿಟ್ಟಿನಲ್ಲಿ ಆ್ಯಪ್ ತೆರೆದು ಟಿಕೆಟ್ ಕ್ಯಾನ್ಸಲ್ ಮಾಡಬೇಡಿ. ಈ ತಪ್ಪು ಬಹಳ ಮಂದಿ ಮಾಡುತ್ತಾರೆ. ನೀವು ಒತ್ತಿದ ಬಟನ್ ದಾಖಲೆಯಲ್ಲಿ ಪ್ರಯಾಣಿಕರೇ ರದ್ದುಪಡಿಸಿದ್ದು ಎಂದು ಕೂರುತ್ತದೆ, ಕ್ಯಾನ್ಸಲೇಶನ್ ಶುಲ್ಕವೂ ಬೀಳುತ್ತದೆ. ಹಣ ವಾಪಸ್ ಬೇಕಿದ್ದರೆ ಕೌಂಟರಿನವರ ಕೈಯಿಂದಲೇ ಮಾಡಿಸಿ. ಹಾಗೆಯೇ ಒಂದೇ ಪಿಎನ್‌ಆರ್‌ನಲ್ಲಿ ಮುಂದಿನ ವಿಮಾನವೋ ವಾಪಸ್ ಬರುವ ಟಿಕೆಟ್ಟೋ ಇದ್ದರೆ, ಮೊದಲ ಹಾರಾಟ ತಪ್ಪಿದೊಡನೆ ಉಳಿದವೂ ತಾವಾಗಿ ರದ್ದಾಗಬಹುದು. ಅವು ಜೀವಂತ ಇವೆಯೇ ಎಂದು ಅಲ್ಲೇ ನೋಡಿಸಿಕೊಳ್ಳಿ. ಬ್ಯಾಗ್ ಆಗಲೇ ಬೆಲ್ಟಿನ ಮೇಲೆ ಹೋಗಿದ್ದರೆ ಟ್ಯಾಗಿನ ಚೀಟಿ ತೋರಿಸಿ ಅದನ್ನು ಇಳಿಸಲು ಹೇಳಬೇಕು.

ನೀವಾಗಿಯೇ ಸೀಟು ಬಿಟ್ಟುಕೊಡಲು ಮನಸ್ಸು ಮಾಡಿದರೆ ಅದರ ದಾರಿಯೇ ಬೇರೆ. ಒಪ್ಪಿಕೊಂಡವರಿಗೆ ಮೇಲಿನ 200, 400 ಪ್ರತಿಶತ ಅನ್ವಯಿಸುವುದಿಲ್ಲ, ಮಾತಾಡಿಕೊಂಡದ್ದೇ ಸಿಗುವುದು. ಹಾಗಾಗಿ ನಿಮ್ಮ ಇನ್‌ವಾಯ್ಸಿನ ಲೆಕ್ಕವನ್ನು ಮೊದಲು ಮನಸ್ಸಿನಲ್ಲೇ ಹಾಕಿ, ಅದಕ್ಕಿಂತ ಕಡಿಮೆಗೆ ಒಪ್ಪಬೇಡಿ. ವೌಚರ್ ಕೊಡುತ್ತೇವೆ ಎಂದರೆ ಕೇಳಬೇಕಾದ್ದು: ಎಷ್ಟು ತಿಂಗಳು ನಡೆಯುತ್ತದೆ, ಬುಕ್ ಮಾಡುವ ದಿನಕ್ಕೋ ಹಾರುವ ದಿನಕ್ಕೋ, ಮನೆಯವರ ಹೆಸರಿಗೆ ಬಳಸಬಹುದೇ, ಒಂದೇ ಸಲಕ್ಕೆ ಮುಗಿಸಬೇಕೇ, ಹಬ್ಬದ ದಿನಗಳಲ್ಲಿ ನಡೆಯುತ್ತದೆಯೇ. ಮುಂದಿನ ವಿಮಾನದಲ್ಲಿ ಸೀಟು ನಂಬರ್ ಕೈಗೆ ಬಂದ ಮೇಲೆಯೇ ಹೂಂ ಎನ್ನಿ. ಸ್ಟ್ಯಾಂಡ್‌ಬೈಗೆ ಒಪ್ಪಿದವರು ಅದೇ ದಿನ ಎರಡನೇ ಸಲವೂ ಹಿಂದೆ ಉಳಿಯಬಹುದು.

ಪದ ಬದಲಿಸುವ ಆಟ ಇಲ್ಲಿಗೇ ಮುಗಿಯುವುದಿಲ್ಲ. ಇಡೀ ವಿಮಾನ ರದ್ದಾದರೆ ಲೆಕ್ಕ ಬೇರೆ: ಹಾರಾಟದ ಅವಧಿ ಒಂದು ಗಂಟೆಯವರೆಗಿದ್ದರೆ 5,000, ಎರಡು ಗಂಟೆಯವರೆಗೆ 7,500, ಅದಕ್ಕೂ ಹೆಚ್ಚಿದ್ದರೆ 10,000 ರೂಪಾಯಿ, ಇಲ್ಲವೇ ಬೇಸ್ ಫೇರ್ ಮತ್ತು ಇಂಧನ ಶುಲ್ಕ, ಯಾವುದು ಕಡಿಮೆಯೋ ಅದು. ಅದೂ ಮಂಜು, ಮುಷ್ಕರ, ವಾಯು ಸಂಚಾರ ನಿಯಂತ್ರಣದಂಥ ಕೈಮೀರಿದ ಕಾರಣವಿದ್ದರೆ ಇಲ್ಲ. ವಿಮಾನ ಹಾರಿಯೇ ಹೋಗಿ ನಿಮ್ಮೊಬ್ಬರನ್ನು ಬಿಟ್ಟಿದ್ದರೆ ಅದು ರದ್ದತಿಯಲ್ಲ. ಬಿಸಿನೆಸ್ ದರ್ಜೆಯ ಟಿಕೆಟ್ ಇದ್ದವರನ್ನು ಎಕಾನಮಿಯಲ್ಲಿ ಕೂರಿಸಿದರೆ 2023ರ ಫೆಬ್ರವರಿ 15ರಿಂದ ಬೇರೆಯದೇ ನಿಯಮವಿದೆ: ದೇಶದೊಳಗೆ ತೆರಿಗೆ ಸೇರಿ ಟಿಕೆಟ್ ಬೆಲೆಯ 75 ಪ್ರತಿಶತ ವಾಪಸ್, ವಿದೇಶಕ್ಕಾದರೆ ದೂರ ನೋಡಿ 30, 50 ಅಥವಾ 75.

ವಿದೇಶದಲ್ಲಿರುವ ಕನ್ನಡಿಗರು, ಅವರನ್ನು ನೋಡಲು ಹೋಗುವ ಅಪ್ಪ ಅಮ್ಮಂದಿರು ತಿಳಿದಿರಬೇಕಾದ ನಿಯಮ ಯುರೋಪಿನ 261/2004. ಜಾರಿಗೆ ಬಂದದ್ದು 2005ರ ಫೆಬ್ರವರಿ 17ರಂದು. ಯುರೋಪ್ ಒಕ್ಕೂಟದ ನಿಲ್ದಾಣದಿಂದ ಹೊರಟರೆ ಯಾವ ದೇಶದ ವಿಮಾನವಾದರೂ ಅನ್ವಯ. ಅಲ್ಲಿಗೆ ಹೋಗುವಾಗ ಅಲ್ಲಿನ ಕಂಪನಿಯ ವಿಮಾನವಾಗಿದ್ದರೆ ಮಾತ್ರ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಜರ್ಮನಿಯ ಲುಫ್ತಾನ್ಸಾದಲ್ಲಿ ಹೊರಟವರಿಗೂ ಇದೆ, ಅದೇ ದೂರವನ್ನು ಕೊಲ್ಲಿಯ ಕಂಪನಿಯಲ್ಲಿ ಹೊರಟವರಿಗೆ ಇಲ್ಲ. ಮೊತ್ತ ಟಿಕೆಟ್ ದರಕ್ಕೆ ಅಂಟಿಕೊಂಡಿಲ್ಲ, ದೂರಕ್ಕೆ ಅಂಟಿಕೊಂಡಿದೆ. 250, 400, 600 ಯೂರೊ. ಯುರೋಪಿನ ಊರಿನಿಂದ ಬೆಂಗಳೂರು 3,500 ಕಿಲೋಮೀಟರಿಗಿಂತ ಬಹಳ ಹೆಚ್ಚು, ಹಾಗಾಗಿ 600. ಬದಲಿ ವಿಮಾನ ನಾಲ್ಕು ಗಂಟೆಗಿಂತ ಹೆಚ್ಚು ತಡವಿಲ್ಲದೆ ತಲುಪಿಸಿದರೆ ಕಂಪನಿ ಅದನ್ನು ಅರ್ಧಕ್ಕೆ ಇಳಿಸಬಹುದು. ನೀವು ಸಹಿ ಹಾಕಿ ಒಪ್ಪದ ಹೊರತು ವೌಚರ್ ಕೊಡುವಂತಿಲ್ಲ, ನಗದು ಅಥವಾ ಬ್ಯಾಂಕಿಗೇ ಕೊಡಬೇಕು. ಮುಷ್ಕರದ ನಂತರ ವಿಮಾನಗಳನ್ನು ಮರುಹೊಂದಿಸಿದ್ದರಿಂದ ಸೀಟಿಲ್ಲದಾಯಿತು ಎಂದು ಫಿನ್‌ಲೆಂಡಿನ ವಿಮಾನ ಕಂಪನಿ ಫಿನ್‌ಏರ್ ವಾದಿಸಿದಾಗ, ಬೋರ್ಡಿಂಗ್ ನಿರಾಕರಣೆಗೆ ಅಸಾಧಾರಣ ಪರಿಸ್ಥಿತಿಯ ನೆಪ ನಡೆಯದು ಎಂದು ಯುರೋಪಿನ ನ್ಯಾಯಾಲಯ 2012ರಲ್ಲಿ ಹೇಳಿತು. ಬ್ರಿಟನ್ ಒಕ್ಕೂಟದಿಂದ ಹೊರಬಂದ ಮೇಲೂ ಇದೇ ಚೌಕಟ್ಟು ಉಳಿಸಿಕೊಂಡಿದೆ. ಲಂಡನ್‌ನಿಂದ ಬೆಂಗಳೂರಿಗೆ ಯಾವ ಕಂಪನಿಯಾದರೂ 520 ಪೌಂಡ್. ಇಂಗ್ಲೆಂಡಿನಲ್ಲಿ ಆರು ವರ್ಷದವರೆಗೂ ಕೇಳಬಹುದು.

ಕೆನಡಾದಲ್ಲಿ ತಲುಪಲು ಎಷ್ಟು ತಡವಾಯಿತೆಂಬುದರ ಮೇಲೆ 900, 1,800, 2,400 ಕೆನಡಾ ಡಾಲರ್, ಅದೂ 48 ಗಂಟೆಯೊಳಗೆ ಪಾವತಿ. ಅಮೆರಿಕದಿಂದ ಹೊರಡುವ ವಿಮಾನಗಳಿಗೆ 2025ರ ಜನವರಿಯಿಂದ ಮಿತಿ, ಎಷ್ಟು ತಡವಾಯಿತೆಂಬುದನ್ನು ನೋಡಿ, 1,075 ಮತ್ತು 2,150 ಡಾಲರ್. ಅಲ್ಲಿ ಅವತ್ತೇ, ನಿಲ್ದಾಣದಲ್ಲೇ ಕೇಳಿ ಪಡೆಯಬಹುದು. ಆದರೆ ಅಲ್ಲಿ ಸಣ್ಣ ವಿಮಾನ ಬದಲಿಸಿದ್ದರಿಂದ ಸೀಟು ಹೋದರೆ ಪರಿಹಾರ ಇಲ್ಲ ಎಂಬ ಒಂದು ಕಂಡಿ ಇದೆ.

ನಮ್ಮಲ್ಲಿ ಕೌಂಟರಿನಲ್ಲೇ ದುಡ್ಡು ಬರದಿದ್ದರೆ ಮೊದಲು ಕಂಪನಿಯಲ್ಲಿ ದೂರು ನೋಡಿಕೊಳ್ಳುವ ನೋಡಲ್ ಅಧಿಕಾರಿಗೆ ಬರೆಯಿರಿ. ಆಮೇಲೆ ಮೇಲ್ಮನವಿ ಅಧಿಕಾರಿಗೆ. ಇಬ್ಬರ ಹೆಸರು, ಇಮೇಲ್ ಕಂಪನಿಯ ಜಾಲತಾಣದಲ್ಲಿರುತ್ತದೆ. ಜೊತೆಗೆ ನಾಗರಿಕ ವಿಮಾನಯಾನ ಸಚಿವಾಲಯದ ಏರ್‌ಸೇವಾ ಆ್ಯಪ್‌ನಲ್ಲಿ ದೂರು ದಾಖಲಿಸಿ. ದೂರಿನಲ್ಲಿ ಕಥೆಗಿಂತ ಲೆಕ್ಕ ಮೊದಲು ಬರಲಿ: ಬೇಸ್ ಫೇರ್ ಇಷ್ಟು, ಇಂಧನ ಶುಲ್ಕ ಇಷ್ಟು, ಬದಲಿ ವಿಮಾನ ಹೊರಟದ್ದು ಇಷ್ಟು ಗಂಟೆ ತಡವಾಗಿ, ಆದ್ದರಿಂದ ಬರಬೇಕಾದ್ದು ಇಷ್ಟು. ನಿಯಂತ್ರಕರು ಕೈಕಟ್ಟಿ ಕೂತಿಲ್ಲ ಎಂಬುದಕ್ಕೆ ಒಂದು ಉದಾಹರಣೆ ನಮ್ಮ ಬೆಂಗಳೂರಿಗೇ ಸೇರಿದ್ದು. ಬೆಂಗಳೂರು, ಹೈದರಾಬಾದ್, ದೆಹಲಿಯಲ್ಲಿ ತಪಾಸಣೆ ಮಾಡಿ, ಬೋರ್ಡಿಂಗ್ ನಿರಾಕರಿಸಿಯೂ ಪರಿಹಾರ ಕೊಡುತ್ತಿಲ್ಲವೆಂದು ಡಿಜಿಸಿಎ 2022ರ ಜೂನ್‌ನಲ್ಲಿ ಏರ್ ಇಂಡಿಯಾಗೆ 10 ಲಕ್ಷ ರೂಪಾಯಿ ದಂಡ ಹಾಕಿತು. ಆದರೆ ದಂಡ ಸರ್ಕಾರಕ್ಕೆ ಹೋಗುತ್ತದೆ. ನಿಮ್ಮ ದುಡ್ಡಿಗೆ ನೀವೇ ಬೆನ್ನು ಹತ್ತಬೇಕು.

ತಿಂಗಳು ಕಳೆದರೂ ಉತ್ತರವಿಲ್ಲದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿಯ ಮುಖ್ಯ ಕಚೇರಿ ಗುರುಗ್ರಾಮದಲ್ಲಿದ್ದರೂ ಶಿವಮೊಗ್ಗದವರು ಶಿವಮೊಗ್ಗದಲ್ಲೇ. ಘಟನೆಯಾದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, ಆನ್‌ಲೈನ್‌ನಲ್ಲೇ ಸಲ್ಲಿಸಬಹುದು. ಅಲ್ಲಿ ಡಿಜಿಸಿಎ ಮೊತ್ತದ ಮೇಲೆ ಹೋಟೆಲ್, ಕ್ಯಾಬ್, ಕೊನೆ ಗಳಿಗೆಯಲ್ಲಿ ಕೊಂಡ ಟಿಕೆಟ್, ಮಾನಸಿಕ ಯಾತನೆ, ದಾವೆ ಖರ್ಚು ಎಲ್ಲವನ್ನೂ ಕೇಳಬಹುದು. ರಸೀದಿ ಇದ್ದದ್ದಕ್ಕೆ ಬಲ ಹೆಚ್ಚು. ಕಂಪನಿಯ ವಕೀಲರು ಸಾಮಾನ್ಯವಾಗಿ ಎತ್ತುವ ಮೊದಲ ಆಕ್ಷೇಪ ಪ್ರಯಾಣಿಕರು ತಡವಾಗಿ ಬಂದರು ಎಂಬುದು. ಕೌಂಟರ್ ತೆರೆದಿದ್ದಾಗ ತೆಗೆದ ಆ ಫೋಟೊ, 7.40ಕ್ಕೆ ಮೊದಲೇ ಹೋದ ಆ ಇಮೇಲು ಆಗ ಕೆಲಸಕ್ಕೆ ಬರುತ್ತವೆ.